ಕೆರೆಯಂಗಳದ ಪಾಠ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)

ಈ ಶಾಲೆಯಲ್ಲಿ ಕಲಿತದ್ದರಲ್ಲಿ ನಾನು ಇಂದಿಗೂ ಮರೆಯದ ಪಾಠ ತರಗತಿಯೊಳಗೆ ನಡೆದದ್ದಲ್ಲ. 2003ರ ಆರಂಭ, ನಾನು ಒಂಬತ್ತನೇ ತರಗತಿ. ಬರಗಾಲ. ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂಬಿದ್ದ ಕೆರೆಯೂ ಒಣಗಿತ್ತು. ಒಂದು ಶನಿವಾರ ವಿಜ್ಞಾನದ ಮೇಷ್ಟ್ರು ನಮ್ಮನ್ನು ಆ ಕೆರೆಗೇ ಕರೆದುಕೊಂಡು ಹೋದರು. "ನೀರೇ ಇಲ್ಲವಲ್ಲ ಸಾರ್" ಎಂದು ನಕ್ಕೆವು. "ನೀರಿದ್ದರೆ ಕೆರೆಯ ಒಳಗು ಕಾಣುತ್ತೇನ್ರೋ?" ಎಂದರು.

ತೂಬಿನ ಬಳಿ ನೀರಗಂಟಿ ತಾತ ಕಾದಿದ್ದರು. ಯಾವ ಗದ್ದೆಗೆ ಯಾವಾಗ ನೀರು ಬಿಡುತ್ತಿದ್ದರು, ಕೋಡಿ ಏರಿಗಿಂತ ತಗ್ಗಿನಲ್ಲಿ ಏಕಿರಬೇಕು, ಎಲ್ಲವನ್ನೂ ಕೈತೋರಿಸಿ ಹೇಳಿದರು. ಹೆಚ್ಚಾದ ನೀರು ಕೋಡಿಯಲ್ಲಿ ಹೋಗದಿದ್ದರೆ ಏರಿಯ ಮೇಲೆ ಹರಿದು ಅದನ್ನೇ ಕೊಚ್ಚಿಬಿಡುತ್ತದೆ.

ಆಮೇಲೆ ಮೇಷ್ಟ್ರು, "ಕೆರೆಗೆ ನೀರು ಯಾವ ದಾರಿಯಲ್ಲಿ ಬರುತ್ತೆ, ನೋಡೋಣ ನಡೀರಿ" ಎಂದು ರಾಜಕಾಲುವೆ ಹಿಡಿದು ಮೇಲಕ್ಕೆ ನಡೆಸಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಕಾಲುವೆಯೇ ಇಲ್ಲ. ಎದುರಿಗಿದ್ದದ್ದು ನಮ್ಮ ಹೊಲ. ತಾತನ ಕಾಲದಲ್ಲೇ ಕಾಲುವೆ ಮುಚ್ಚಿ ರಾಗಿ ಬಿತ್ತುತ್ತಿದ್ದೆವು.

ಗೆಳೆಯರೆಲ್ಲ ನನ್ನ ಮುಖ ನೋಡಿದರು. ಮೇಷ್ಟ್ರು ಬೈಯಲಿಲ್ಲ. ಟೇಪನ್ನು ನನ್ನ ಕೈಗೆ ಕೊಟ್ಟು, "ಎಷ್ಟು ಉದ್ದ ಮುಚ್ಚಿದೆ, ಅಳೆದು ಬರೆದುಕೋ" ಎಂದರು. ಸಂಜೆ ಅಪ್ಪನನ್ನು ಕೇಳಿದೆ. "ಕೆರೆಯೇ ತುಂಬಲ್ಲ, ಕಾಲುವೆ ಯಾಕೋ?" ಎಂದರು. ಕಾಲುವೆ ಮುಚ್ಚಿದ್ದಕ್ಕೂ ಕೆರೆ ತುಂಬದಿರಬಹುದು ಎನ್ನುವ ಧೈರ್ಯ ನನಗಿರಲಿಲ್ಲ.

2021ರ ನವೆಂಬರ್‌ನಲ್ಲಿ ಸುರಿದ ಮಳೆ ನಿಮಗೆಲ್ಲ ನೆನಪಿದೆ. ನೀರು ತನ್ನ ಹಳೆಯ ದಾರಿ ಮರೆತಿರಲಿಲ್ಲ. ನಮ್ಮ ರಾಗಿಯ ನಡುವೆಯೇ ಹರಿಯಿತು. ಮುಂದಿನ ಬೇಸಿಗೆಯಲ್ಲಿ ಅಪ್ಪನೇ ಜೆಸಿಬಿ ತರಿಸಿ ಕಾಲುವೆ ಬಿಡಿಸಿದರು. ಅವರು ಈ ಸಭೆಯಲ್ಲೇ ಕುಳಿತಿದ್ದಾರೆ; ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ.

ಈಗ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಅಲ್ಲಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಪಂಪಿನಲ್ಲಿ ಏರಿ ಬರುತ್ತದೆ. ನಗರ ಬಳಸಿಬಿಟ್ಟ ನೀರನ್ನು ಸಂಸ್ಕರಿಸಿ, ಅಂತರ್ಜಲ ಹೆಚ್ಚಲೆಂದು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ನಲ್ಲಿಯ ಹಿಂದೆ ಇಷ್ಟು ಉದ್ದದ ದಾರಿ ಇದೆಯೆಂದು ಪುಸ್ತಕದಲ್ಲೂ ಓದಬಹುದು. ಆದರೆ ಆ ದಾರಿಯಲ್ಲಿ ನಮ್ಮ ಹೊಲವೂ ಇದೆ ಎಂದು ತಿಳಿಯಲು ನಡೆದೇ ನೋಡಬೇಕು.

ಗುರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ, ಮಕ್ಕಳನ್ನು ಕೆರೆಗೆ ಕರೆದೊಯ್ಯಿರಿ. ನೀರಿನ ಮಟ್ಟ, ಕಾಲುವೆಯ ಸ್ಥಿತಿ ಒಂದು ಪುಸ್ತಕದಲ್ಲಿ ಬರೆಸಿ. ಶಾಲೆಯ ಅಂಗಳದಲ್ಲಿ ಮಳೆಮಾಪಕ ಇಡೋಣ. ಖರ್ಚು ನಮ್ಮ ಬ್ಯಾಚಿನದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರಿನ ಚಾವಣಿಗೆ 20 ಮಿ.ಮೀ. ಮಳೆ ಬಿದ್ದರೆ 4,000 ಲೀಟರ್. ಈ ಲೆಕ್ಕ ಮಕ್ಕಳೇ ಮಾಡಲಿ.

ಊರಿನ ಹಿರಿಯರಲ್ಲಿ ಒಂದು ಮಾತು. ಮಕ್ಕಳ ಟೇಪು ನಾಳೆ ನಿಮ್ಮ ಹೊಲದ ಬದುವಿಗೂ ಬಂದೀತು. ದಯವಿಟ್ಟು ಗದರಿಸಬೇಡಿ. ಟೇಪಿನ ಇನ್ನೊಂದು ತುದಿ ಹಿಡಿದುಕೊಳ್ಳಿ.