ಅಜ್ಜನ ಪಿಸ್ತೂಲಿನ ಲಾಭ-ನಷ್ಟ

ಇವತ್ತಿನ ಮಾತು ನಮ್ಮನೆ ತಿಜೋರಿಯಲ್ಲಿರೋ ಒಂದು ಪಿಸ್ತೂಲಿನ ಬಗ್ಗೆ.

ನಮ್ಮ ಅಜ್ಜಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಸೀಜನ್‌ನಲ್ಲಿ ನೋಟಿನ ಚೀಲ ಹಿಡ್ಕೊಂಡು ರಾತ್ರಿ ರಾಣೆಬೆನ್ನೂರಿಗೆ ವಾಪಸ್ ಬರಬೇಕಿತ್ತು. ಅದಕ್ಕಂತಲೇ ಎಪ್ಪತ್ತರ ದಶಕದಲ್ಲಿ ತಗೊಂಡಿದ್ದು ಈ ವಾಲ್ಥರ್ ಪಿಪಿಕೆ, .32 ಬೋರ್. ಹೌದು, ಜೇಮ್ಸ್ ಬಾಂಡ್ ಗನ್. ಆಗ ಹಾವೇರಿ ಜಿಲ್ಲೆನೇ ಇರಲಿಲ್ಲ, ಅದು ಆಗಿದ್ದು 1997ರಲ್ಲಿ. ಹಾಗಾಗಿ ಲೈಸೆನ್ಸ್ ಮೇಲೆ ಧಾರವಾಡದ ಸೀಲು. ಅಜ್ಜನ ನಂತರ ಅಪ್ಪಾಜಿ ಹೆಸರಿಗೆ ಬಂತು. ಈಗ ಅಪ್ಪಾಜಿಗೂ 70. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಈ ವಯಸ್ಸಿಗೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು.

"ತಮ್ಮಾ, ನಿನ್ನ ಹೆಸರಿಗೆ ಮಾಡ್ಸೋಣೇನು?" ಅಂದ್ರು. ನಾನು ಬಿಕಾಂ ಓದಿದವನು. ಎರಡು ಕಾಲಂ ಹಾಕಿದೆ.

ಮೊದಲು ಲಾಭ. 1931ರಲ್ಲಿ ಜರ್ಮನಿಯಲ್ಲಿ ಬಂದ ಡಿಸೈನ್ ಇದು. ಗೇಣಿಗಿಂತ ಚಿಕ್ಕದು, ತೂಕ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ. ಬ್ಯಾರಲ್ ಫ್ರೇಮಿಗೆ ಫಿಕ್ಸ್ ಆಗಿರೋದ್ರಿಂದ ಸೈಜಿಗೆ ಹೋಲಿಸಿದ್ರೆ ಗುರಿ ಚೆನ್ನಾಗಿದೆ. ಒಳಗೆ ಗುಂಡಿದ್ರೆ ಹಿಂದುಗಡೆ ಸಣ್ಣ ಪಿನ್ ಹೊರಗೆ ಚಾಚುತ್ತೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತೆ. ಎಂಬತ್ತರ ದಶಕದಿಂದ ವಿದೇಶಿ ಗನ್ ಆಮದಿಗೆ ಕಡಿವಾಣ ಬಿದ್ದಿದ್ದರಿಂದ ಹಳೇ ಪೀಸಿಗೆ ಒಳ್ಳೇ ಬೆಲೆನೂ ಇದೆ.

ಇನ್ನು ನಷ್ಟ. ಸ್ಪ್ರಿಂಗ್ ಬಿಗಿ, ಸ್ಲೈಡ್ ಎಳೆಯೋಕೆ ಅಪ್ಪಾಜಿ ಬೆರಳಿಗೆ ಈಗ ಆಗಲ್ಲ. ಮ್ಯಾಗಜೀನ್‌ಗೆ ಏಳೇ ಗುಂಡು. ಗುರಿ ಹಿಡಿಯೋ ಸೈಟ್ ಎಷ್ಟು ಸಣ್ಣದಂದ್ರೆ ಕನ್ನಡಕ ಹುಡುಕಬೇಕು. .32 ಗುಂಡಿನ ಶಕ್ತಿ 9 ಎಂಎಂನ ಸುಮಾರು ಮೂರನೇ ಒಂದು ಭಾಗ. ಆದ್ರೆ 9 ಎಂಎಂ ನಮ್ಮಂಥ ಸಾಮಾನ್ಯರಿಗೆ ನಿಷಿದ್ಧ ಬೋರ್. ಬಿಡಿಭಾಗ ಸಿಗೋದೂ ಕಷ್ಟ.

ಇಷ್ಟೇ ಆಗಿದ್ರೆ ಲೆಕ್ಕ ಸಮ ಆಗ್ತಿತ್ತೇನೋ. ಆದ್ರೆ 2024ರ ಮಾರ್ಚ್ 11 ನೆನಪಾಯ್ತು. ದರ ಕುಸೀತು ಅಂತ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಗೆ ನುಗ್ಗಿದ್ರು, ವಾಹನಗಳಿಗೆ ಬೆಂಕಿ ಬಿತ್ತು. ಅಪ್ಪಾಜಿ ಶಟರ್ ಎಳ್ಕೊಂಡು ಅಂಗಡಿ ಒಳಗೇ ಕೂತಿದ್ರು. ನಾನು ಹಾವೇರಿಯಲ್ಲಿದ್ದೆ. ಫೋನಲ್ಲಿ ಅವರ ಉಸಿರಷ್ಟೇ ಕೇಳ್ತಿತ್ತು. ಪಿಸ್ತೂಲ್ ಮನೆಯಲ್ಲಿತ್ತು.

ರಾತ್ರಿ ಮನೆಗೆ ಬಂದು ಒಂದೇ ಮಾತು ಅಂದ್ರು: "ಚಲೋ ಆತು, ಅದು ಕೈಯಾಗ ಇರಲಿಲ್ಲ. ಅಂಜಿಕಿಯಾಗ ಏನ್ ಮಾಡ್ತಿದ್ನೋ. ಹೊರಗ ನಮಗ ಮಾಲು ತರೋ ರೈತರೂ ಇದ್ರು."

ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆ ಆಯ್ತು. ಆಮೇಲೆ ಪಿಸ್ತೂಲ್ ಠಾಣೆಗೆ ಜಮಾ. ಫಲಿತಾಂಶ ಬರೋವರೆಗೂ ಅಲ್ಲೇ ಇತ್ತು. ಆ ಅಷ್ಟೂ ದಿನ ಮನೆಯಲ್ಲಿ ಯಾರಿಗೂ ಅದರ ನೆನಪೇ ಬರಲಿಲ್ಲ.

ಅಜ್ಜನಿಗೆ ಅದು ಬೇಕಿತ್ತು, ಅನುಮಾನವಿಲ್ಲ. ರಾತ್ರಿ ದಾರಿ, ಕೈಯಲ್ಲಿ ನೋಟಿನ ಚೀಲ. ಈಗ ನಮ್ಮ ಅಂಗಡಿಯಿಂದ ರೈತರ ಹಣ ಬ್ಯಾಂಕ್ ಖಾತೆಗೇ ಹೋಗುತ್ತೆ. ಚೀಲ ಹೋಯ್ತು, ಪಿಸ್ತೂಲ್ ಉಳೀತು. ಜೊತೆಗೆ ಆರು ವರ್ಷದ ನಮ್ಮಕ್ಕನ ಮಗನಿಗೆ ತಿಜೋರಿ ಕೀಲಿ ಎಲ್ಲಿದೆ ಅಂತ ಗೊತ್ತು. ಈ ಒಂದು ಸಾಲಿನ ಎದುರು ಲಾಭದ ಕಾಲಂ ಪೂರ್ತಿ ಹಗುರ.

"ಬ್ಯಾಡ ಅಪ್ಪಾಜಿ, ಲೈಸೆನ್ಸ್ ಇರೋ ಡೀಲರ್ ಮೂಲಕ ಕಾನೂನು ಪ್ರಕಾರ ಕೊಟ್ಟುಬಿಡೋಣ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು: "ಹಳೇ ಲೈಸೆನ್ಸಿಂದು ಒಂದು ಝೆರಾಕ್ಸ್ ಇಟ್ಕೋ. ಅದರಾಗ ಅಜ್ಜನ ಫೋಟೋ ಐತಿ."

ನಿಮ್ಮನೆಯಲ್ಲೂ ಇಂಥದ್ದಿದ್ರೆ, ಇವತ್ತೇ ಗುಂಡು ಬೇರೆ, ಗನ್ ಬೇರೆ ಇಟ್ಟು ಬೀಗ ಹಾಕ್ರಿ. ಆಮೇಲೆ ಕೂತು ನಿಮ್ಮದೂ ಎರಡು ಕಾಲಂ ಬರೀರಿ. ಮುಂದಿನ ವಾರ ಸಿಗೋಣ.