ಒರೆಗಾನೊ ಬಿಸಿಲಿಗೆ ಸಾಯಲ್ಲ, ನೀರಿಗೆ ಸಾಯುತ್ತೆ

ಪುಣೆಗೆ ಮಳೆ ಬರೋಕೆ ಇನ್ನು ಸ್ವಲ್ಪ ದಿನ ಇದೆ, ಅದಕ್ಕೇ ಈ ಮಾತು ಇವತ್ತೇ ಆಡಬೇಕು.

ಪಿಜ್ಜಾ ಮೇಲೆ ಉದುರಿಸ್ತೀವಲ್ಲ ಒರೆಗಾನೊ, ಅದರ ಬಳಗದಲ್ಲಿ ಅಂದಕ್ಕೇ ಬೆಳೆಸುವ ಗಿಡಗಳೂ ಇವೆ. ನನ್ನ ಟೆರೇಸಿನಲ್ಲಿರೋದು ಕ್ರೀಟ್ ದ್ವೀಪದ ಡಿಟ್ಟನಿ. ದುಂಡನೆಯ ಎಲೆ, ಮೈತುಂಬ ಬಿಳಿ ಉಣ್ಣೆಯಂಥ ರೋಮ, ತುದಿಯಲ್ಲಿ ಜೋತಾಡುವ ಗುಲಾಬಿ ಗೊಂಚಲು. ಗೊಂಚಲಿನ ಆ ಚೆಲುವೆಲ್ಲ ಬೋಗನ್‌ವಿಲ್ಲಾದ ಹಾಗೆ ಹೂವಿನ ಸುತ್ತಲಿನ ಪುಟ್ಟ ಎಲೆಗಳದು. ನಿಜವಾದ ಹೂವು ಅದರೊಳಗಿಂದ ಇಣುಕೋ ಚೂರು, ಅಷ್ಟೇ.

ಕ್ರೀಟಿನಲ್ಲಿ ಇದು ಬಂಡೆಯ ಬಿರುಕಿನಲ್ಲಿ ಬೆಳೆಯುತ್ತೆ. ಅಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಒಣ. ನಮ್ಮಲ್ಲಿ ಪೂರಾ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಚ್ಚನೆಯ ಒದ್ದೆ, ಬೇರು ಕೊಳೆಯೋಕೆ ಹೇಳಿ ಮಾಡಿಸಿದ ಹಾಗೆ.

ಇದನ್ನ ನಾನು ಕಲಿತದ್ದು ಎರಡು ಗಿಡ ಕಳಕೊಂಡು. ಡಿಟ್ಟನಿ ಹೋದದ್ದಕ್ಕೆ ಅಷ್ಟು ಬೇಜಾರಿಲ್ಲ, ಬೀಜ ಮತ್ತೆ ತರಿಸಬಹುದು. ಪಕ್ಕದಲ್ಲೇ ಅವ್ವನ ಮರುಗ ಇತ್ತು. ಧಾರವಾಡದ ಮನೆ ಮಾರಿದಾಗ ಅಲ್ಲಿಂದ ತಂದ ಒಂದೇ ಗಿಡ. ದಂಡೆಯಲ್ಲಿ ಹೂವಿನ ಜೊತೆ ಕಟ್ಟುವ ನಮ್ಮ ಮರುಗವೂ ಇದೇ ಒರೆಗಾನೊ ಕುಲದ್ದು. ಎರಡಕ್ಕೂ ಪ್ರೀತಿಯಿಂದ ಎರೆಗೊಬ್ಬರ ತುಂಬಿದೆ, ಕುಂಡದ ಕೆಳಗೆ ತಟ್ಟೆ ಇಟ್ಟೆ. ಆಗಸ್ಟಿನಲ್ಲಿ ಎಲೆ ಬಾಡಿತು. ನೀರು ಸಾಲದೇನೋ ಅಂತ ಇನ್ನೂ ಹಾಕಿದೆ! ಬುಡ ಕಪ್ಪಾಗಿ ಕೈಗೇ ಕಿತ್ತು ಬಂತು. ಅವ್ವ ಬಯ್ಯಲಿಲ್ಲ. "ಮರುಗಕ್ಕ ಇಷ್ಟು ಗೊಬ್ಬರ ಯಾರ ಹಾಕ್ತಾರವಾ? ಅದರ ಕಾಲಾಗ ನೀರ ನಿಂದರಬಾರದು" ಅಂದಳು, ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಈಗ ಹೀಗೆ ಮಾಡ್ತೀನಿ. ಮಣ್ಣಿನ ಕುಂಡ, ತಟ್ಟೆ ಬೇಡ, ಕೆಳಗೆ ಎರಡು ಇಟ್ಟಿಗೆ. ಅರ್ಧ ಮಣ್ಣು, ಅರ್ಧ ಸಣ್ಣ ಜಲ್ಲಿ ಮತ್ತು ಇಟ್ಟಿಗೆ ಚೂರು. ಗೊಬ್ಬರ ಒಂದು ಹಿಡಿ ಸಾಕು, ಹೆಚ್ಚಾದರೆ ಗಿಡ ಸೊಕ್ಕಿ ಉದ್ದ ಬೆಳೆದು ಒರಗುತ್ತೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ಮಳೆ ಶುರುವಾದ ಕೂಡಲೇ ಸಜ್ಜದ ಕೆಳಗೆ, ಗಾಳಿ-ಬೆಳಕು ಇರೋ ಕಡೆ ಸರಿಸಿಬಿಡಿ. ನೆಲದಲ್ಲಿ ನೆಡೋರು ಏರು ಮಾಡಿ ನೆಡಿ.

ಇನ್ನೊಂದು, ಮಳೆಗೆ ಮುಂಚೆ ನಾಲ್ಕೈದು ಎಳೆ ಕಡ್ಡಿ ಮುರಿದು ಬೇರೆ ಕುಂಡದಲ್ಲಿ ಚುಚ್ಚಿಡಿ. ನಾನು ಆಗ ಅಷ್ಟು ಮಾಡಿದ್ದರೆ ಧಾರವಾಡದ ಮರುಗ ಉಳೀತಿತ್ತು. ಈಗಿರೋದು ಇಲ್ಲಿನ ಮಾರ್ಕೆಟ್ಟಿನದು. ಅವ್ವ ಅದರ ಎಲೆ ಉಜ್ಜಿ ಮೂಸಿ, "ವಾಸನಿ ಸ್ವಲ್ಪ ಕಡಿಮಿ" ಅಂತಾಳೆ.