ಬೇರಿನೊಳಗಿನ ಹುಳು, ಪೊಟರೆಯ ಇಲಿ



ಕಾಳುಮೆಣಸಿನ ಬಳ್ಳಿಯನ್ನು ಆಶ್ರಯಿಸುವ ಎರಡು ಪ್ರಾಣಿಗಳ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಂದು, ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಕಾಣಸಿಗದ ಮಲಬಾರ್ ಮುಳ್ಳಿಲಿ. ಇನ್ನೊಂದು, ಬೇರು ಕೊರೆಯುವ ದುಂಡುಹುಳು. ಇದನ್ನು 1893ರಲ್ಲಿ ಕಾಬ್ ಎಂಬ ವಿಜ್ಞಾನಿ ಫಿಜಿ ದ್ವೀಪದ ಬಾಳೆಯ ಬೇರಿನಿಂದ ವರ್ಣಿಸಿದರು. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1966ರಲ್ಲಿ, ಕೇರಳದ ಬಾಳೆಯಲ್ಲಿ.

ಇಲಿಯು ಬೆನ್ನೆಲುಬುಳ್ಳ, ಮರಿಗೆ ಹಾಲೂಡಿಸುವ ಜೀವಿ. ದೇಹ ಗೇಣುದ್ದಕ್ಕಿಂತ ಕಡಿಮೆ. ಬೆನ್ನ ಮೇಲೆ ಚಪ್ಪಟೆ ಮುಳ್ಳುಗಳು, ಬಾಲದ ತುದಿಯಲ್ಲಿ ಕುಂಚದಂತಹ ಕೂದಲು. ಹಗಲು ಮರದ ಪೊಟರೆಯಲ್ಲಿ ಮಲಗಿ, ರಾತ್ರಿ ಹಣ್ಣು ಬೀಜಗಳನ್ನರಸುತ್ತದೆ.

ಹುಳುವಿಗೆ ಎಲುಬಿಲ್ಲ, ರಕ್ತವಿಲ್ಲ, ಶ್ವಾಸಕೋಶವಿಲ್ಲ. ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಬಾಯಲ್ಲಿರುವ ಸೂಜಿಯಿಂದ ಬೇರಿನ ಕೋಶಗಳನ್ನು ಚುಚ್ಚಿ ಹೀರುತ್ತ, ಒಳಗೊಳಗೇ ಸುರಂಗ ಕೊರೆಯುತ್ತದೆ. ಗಂಡಿನಲ್ಲಿ ಆ ಸೂಜಿ ಕ್ಷೀಣವಾಗಿದ್ದು, ಅದು ಉಣ್ಣುವುದೇ ಇಲ್ಲ! ಹಾನಿಯೆಲ್ಲ ಹೆಣ್ಣಿನದು ಮತ್ತು ಮರಿಗಳದು. ಗಂಡಿಲ್ಲದಿದ್ದರೂ ಹೆಣ್ಣು ಸಂತಾನ ಬೆಳೆಸಬಲ್ಲದು. ಬೆಚ್ಚನೆಯ ಮಣ್ಣಿನಲ್ಲಿ ಒಂದು ಪೀಳಿಗೆಗೆ ಸುಮಾರು ಮೂರು ವಾರ ಸಾಕು. ಇಂಡೋನೇಷ್ಯಾದ ಬಾಂಕಾ ದ್ವೀಪದಲ್ಲಿ 20ನೆಯ ಶತಮಾನದಲ್ಲಿ ಇದರಿಂದ ನಾಶವಾದ ಮೆಣಸಿನ ಬಳ್ಳಿಗಳು 2 ಕೋಟಿಗೂ ಮಿಕ್ಕಿ. (ಗಂಟುಬೇರಿನ ಹುಳುವೂ ಇದರ ಜೊತೆಗೂಡುವುದುಂಟು, ಅದರ ಮಾತು ಇನ್ನೊಮ್ಮೆ.)

ಹತ್ತೊಂಬತ್ತನೆಯ ಶತಮಾನದಲ್ಲಿ ತಿರುವಾಂಕೂರಿನ ಕಡೆ ಮುಳ್ಳಿಲಿಗೆ 'ಮೆಣಸಿನ ಇಲಿ' ಎಂಬ ಅಪಖ್ಯಾತಿಯಿತ್ತು. ಅದು ಹಣ್ಣಾದ ಮೆಣಸನ್ನು ತಿನ್ನುವುದು ನಿಜ. ಬಳ್ಳಿಯನ್ನು ಸಾಯಿಸುವುದಿಲ್ಲ.

ಇದನ್ನು ತಿಳಿದಿದ್ದ ನಾನೇ ತಪ್ಪಿದೆ. ನನ್ನ ಕಾಡಂಚಿನ ತೋಟದಲ್ಲಿ ಮಳೆಗಾಲ ಮುಗಿಯುತ್ತಲೇ ಬಳ್ಳಿಗಳು ಹಳದಿಯಾಗುತ್ತಿದ್ದವು; ಮುಂದಿನ ಮಳೆಗೆ ಚಿಗುರಿ, ಮತ್ತೆ ಹಳದಿ. ಆಳುಗಳು ಇಲಿಯನ್ನು ಶಂಕಿಸಿ ಹಳೆಯ ಮರದ ಪೊಟರೆಗೆ ಹೊಗೆಯಿಟ್ಟರು. ನಾನು ತಡೆಯಲಿಲ್ಲ. ಸತ್ತು ಬಿದ್ದದ್ದು ಮುಳ್ಳಿಲಿ, ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿರುವ ಪ್ರಾಣಿ. ಆಮೇಲೆ ಬುಡ ಅಗೆದು ನೋಡಿದಾಗ ತಂತುಬೇರುಗಳು ಕೊಳೆತಿದ್ದವು. ನಿಧಾನ ಸೊರಗು ರೋಗ! ಹುಳು ಬಹುಶಃ ನಾನೇ ಹೊರಗಿನಿಂದ ಕೊಂಡುತಂದ ಸಸಿಗಳ ಚೀಲದ ಮಣ್ಣಿನಲ್ಲಿ ಬಂದಿತ್ತು.

ಆದ್ದರಿಂದ ಸಸಿ ಕೊಳ್ಳುವಾಗ ಒಂದೆರಡು ಚೀಲ ಬಿಚ್ಚಿ, ಬೇರು ತೊಳೆದು ನೋಡಿರಿ. ಬಳ್ಳಿ ಹಳದಿಯಾದರೆ ಬುಡದ ಮಣ್ಣು ಮತ್ತು ತಂತುಬೇರುಗಳನ್ನು ಒಣಗಲು ಬಿಡದೆ ಪರೀಕ್ಷೆಗೆ ಕಳುಹಿಸಿರಿ. ಬೇವಿನ ಹಿಂಡಿಯಿಂದ ಹುಳು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಅಂತಹ ಒಂದು ಬೇರನ್ನು ಸೂಕ್ಷ್ಮದರ್ಶಕದಡಿ ಇಟ್ಟಿದ್ದೇನೆ. ವಿದ್ಯಾರ್ಥಿಗಳು ಮೊದಲು ಬರಲಿ.